ಎರಡು ನೋಟದ ಕನ್ನಡಕ: ಬೆಂಜಮಿನ್ ಫ್ರಾಂಕ್ಲಿನ್ನರ ಜೀವನದಿಂದ

ನಲವತ್ತು ದಾಟಿದವರು ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿದು ಓದತೊಡಗಿದರೆಂದರೆ ಅವರಿಗೆ ಚಾಳೀಸು ಬಂದಿತೆಂದು ನಮ್ಮವರು ಹೇಳುವುದುಂಟು. ಕಣ್ಣಿನೊಳಗಿನ ಮಸೂರವು ವಯೋಧರ್ಮದಿಂದ ಗಡಸಾಗಿ, ಸಮೀಪದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಅರಸನಿಗಾಗಲಿ ಆಳಿಗಾಗಲಿ ಇದು ತಪ್ಪಿದುದಲ್ಲ. ಆಗ ಕನ್ನಡಕದ ಅಂಗಡಿಯವನು ಬೈಫೋಕಲ್ ಬೇಕೋ ಪ್ರೋಗ್ರೆಸಿವ್ ಬೇಕೋ ಎಂದು ಕೇಳುತ್ತಾನೆ. ಮನೆಯಲ್ಲಿಯೇ ಕುಳಿತು ಮೊಬೈಲಿನ ಮೂಲಕ ಕನ್ನಡಕ ತರಿಸಿಕೊಳ್ಳುವ ಸೌಕರ್ಯವೂ ಈಗ ಸೇರಿಕೊಂಡು ವಾಚಕರ ಗೊಂದಲವನ್ನು ಇಮ್ಮಡಿಗೊಳಿಸಿದೆ. ಇನ್ನೂರ ನಲವತ್ತು ವರ್ಷಗಳಿಗೂ ಹಿಂದೆ ಈ ಎರಡು ಸಮಸ್ಯೆಗಳನ್ನೂ ತಮ್ಮದೇ ರೀತಿಯಲ್ಲಿ ಎದುರಿಸಿದ ಮಹನೀಯರೊಬ್ಬರಿದ್ದರು. ಅವರೇ ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್. ಅವರ ಜೀವನವನ್ನು ಅರಿತರೆ ನಮ್ಮ ಆಯ್ಕೆಯೂ ಸುಲಭವಾದೀತೆಂದು ನಾವು ನಂಬುತ್ತೇವೆ.

ಬೆಂಜಮಿನನು 1706ನೆಯ ಇಸವಿ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸುವ ಕಸುಬಿನವನು. ಹದಿನೇಳು ಮಕ್ಕಳ ಆ ಸಂಸಾರದಲ್ಲಿ ಇವನು ಹದಿನೈದನೆಯವನು. ಶಾಲೆಯ ಭಾಗ್ಯ ದೊರೆತದ್ದು ಎರಡೇ ವರ್ಷ. ಹತ್ತನೆಯ ವಯಸ್ಸಿಗೆ ತಂದೆಯ ಕೆಲಸಕ್ಕೆ ಕೈಗೂಡಿಸಿದ ಬಾಲಕನು ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಅಭ್ಯಾಸಿಯಾಗಿ ಸೇರಿದನು. ಹಗಲೆಲ್ಲ ಅಚ್ಚಿನ ಮೊಳೆ ಜೋಡಿಸುವುದು, ರಾತ್ರಿ ಎರವಲು ತಂದ ಪುಸ್ತಕವನ್ನು ದೀಪದ ಬೆಳಕಿನಲ್ಲಿ ಓದುವುದು; ಇದೇ ಅವನ ವಿದ್ಯಾಭ್ಯಾಸ. ಅಣ್ಣನೊಡನೆ ವಿರಸವುಂಟಾಗಲು 1723ರಲ್ಲಿ, ಹದಿನೇಳರ ಹರೆಯದಲ್ಲಿ, ಊರು ಬಿಟ್ಟು ಫಿಲಡೆಲ್ಫಿಯ ನಗರವನ್ನು ಸೇರಿದನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಪಾಡನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಅಲ್ಲಿಂದ ಮುಂದೆ ಫ್ರಾಂಕ್ಲಿನ್ನರ ಏಳಿಗೆ ಪ್ರಾರಂಭವಾಯಿತು. 1728ರಲ್ಲಿ ಪಾಲುಗಾರನೊಬ್ಬನೊಡನೆ ಮುದ್ರಣಾಲಯ ತೆರೆದರು. ಮರುವರ್ಷ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯನ್ನು ವಹಿಸಿಕೊಂಡರು. 1732ರಲ್ಲಿ ಅಲ್ಲಿ ನೆಲೆಸಿದ್ದ ಜರ್ಮನರಿಗಾಗಿ ಅವರ ಭಾಷೆಯಲ್ಲಿಯೇ ಒಂದು ಪತ್ರಿಕೆ ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಆದರೂ ಪರಸ್ಥಳದಲ್ಲಿರುವವರಿಗೆ ಸ್ವಭಾಷೆಯ ಪತ್ರಿಕೆ ಬೇಕೆಂಬುದನ್ನು ಅಷ್ಟು ಹಿಂದೆಯೇ ಮನಗಂಡವರೆಂದು ಅವರ ಮೇಲೆ ನಮಗೆ ವಿಶೇಷ ಅಭಿಮಾನ. ಚಂದಾದಾರರ ಗ್ರಂಥಾಲಯ, ಬೆಂಕಿ ಆರಿಸುವ ಸ್ವಯಂಸೇವಕ ದಳ, ಸಾರ್ವಜನಿಕ ಆಸ್ಪತ್ರೆ ಇವೆಲ್ಲವೂ ಅವರ ಮುಂದಾಳುತನದಲ್ಲಿ ಆ ನಗರಕ್ಕೆ ಬಂದುವು. ನಲವತ್ತೆರಡನೆಯ ವಯಸ್ಸಿಗೆ, 1748ರಲ್ಲಿ, ಉದ್ಯೋಗದ ಭಾರವನ್ನು ಪಾಲುಗಾರನಿಗೆ ಒಪ್ಪಿಸಿ ವಿಜ್ಞಾನದತ್ತ ತಿರುಗಿದರು. 1752ರಲ್ಲಿ ಗಾಳಿಪಟದ ಪ್ರಯೋಗದಿಂದ ಮಿಂಚೂ ವಿದ್ಯುತ್ತೂ ಒಂದೇ ಎಂಬುದನ್ನು ತೋರಿದ ಕಥೆ ಶಾಲೆಯ ಮಕ್ಕಳಿಗೂ ತಿಳಿದದ್ದೇ. ಸಿಡಿಲಿನಿಂದ ಕಟ್ಟಡವನ್ನು ಕಾಯುವ ಕಂಬಿಗಾಗಲಿ, ಮನೆ ಬೆಚ್ಚಗಿಡುವ ಒಲೆಗಾಗಲಿ ಅವರು ಪೇಟೆಂಟ್ ಪಡೆಯಲಿಲ್ಲ. ಅನ್ಯರ ಶೋಧಗಳಿಂದ ನಾವು ಲಾಭ ಪಡೆದಂತೆ ನಮ್ಮ ಶೋಧವೂ ಅನ್ಯರಿಗೆ ಧಾರಾಳವಾಗಿ ದೊರೆಯಬೇಕೆಂಬುದು ಅವರ ಧೋರಣೆ.

1757ರಿಂದ ಮುಂದಿನ ಬಹುಭಾಗ ವರ್ಷಗಳನ್ನು ಅವರು ವಸಾಹತುಗಳ ಪ್ರತಿನಿಧಿಯಾಗಿ ಲಂಡನ್ನಿನಲ್ಲಿ ಕಳೆದರು. ಬಾಸ್ಟನ್ನಿನಲ್ಲಿ ಅವರ ಕಿರಿಯ ತಂಗಿ ಜೇನ್ ಇದ್ದಳು. ಹನ್ನೆರಡು ಮಕ್ಕಳನ್ನು ಹೆತ್ತು, ಬಡತನದಲ್ಲಿ ಬೆಂದ ಜೀವ. ಅಣ್ಣ ತಂಗಿಯರ ಪತ್ರವ್ಯವಹಾರ ಜೀವಮಾನವಿಡೀ ನಡೆಯಿತು. 1771ರ ಜುಲೈ ತಿಂಗಳಲ್ಲಿ ಫ್ರಾಂಕ್ಲಿನ್ನರು ಅವಳಿಗೆ ಕನ್ನಡಕ ಕಳುಹಿಸಿದರು. ಒಂದಲ್ಲ, ಒಂದರಿಂದ ಹದಿಮೂರರವರೆಗಿನ ಪ್ರತಿಯೊಂದು ಅಂಕಿಗೂ ಒಂದೊಂದರಂತೆ ಹದಿಮೂರು ಜೊತೆ! ಜೊತೆಗೆ ಪತ್ರವನ್ನೂ ಬರೆದರು. ಒಮ್ಮೆಗೆ ಒಂದೇ ಕನ್ನಡಕವನ್ನು ಹೊರತೆಗೆದು, ಸಣ್ಣ ಅಚ್ಚಿನ ಅಕ್ಷರ ನೋಡುತ್ತ, ಒಂದೊಂದು ಕಣ್ಣನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಬೇಕು. ಅದು ಹೊಂದದಿದ್ದರೆ ಸ್ವಸ್ಥಾನದಲ್ಲಿರಿಸಿದ ಬಳಿಕವೇ ಇನ್ನೊಂದನ್ನು ತೆಗೆಯಬೇಕು ಎಂದು ತಿಳಿಸಿದರು. ಎರಡು ಕಣ್ಣುಗಳೂ ಸಮನಾಗಿರುವವರು ವಿರಳ. ಅಂಗಡಿಯಲ್ಲಿ ಅವಸರಪಟ್ಟು ಕೊಳ್ಳುವವರು ಹೊಂದದ ಕನ್ನಡಕ ಧರಿಸಿ ಕಣ್ಣಿಗೆ ನೋವು ತಂದುಕೊಳ್ಳುತ್ತಾರೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ತನಗೆ ಹೊಂದಿದ್ದಕ್ಕಿಂತ ಹೆಚ್ಚಿನ ಅಂಕಿಯವನ್ನು ಮುಂದಿನ ವಯಸ್ಸಿಗೆ ಇಟ್ಟುಕೊಂಡು ಉಳಿದವನ್ನು ಗೆಳತಿಯರಿಗೆ ಕೊಡಬೇಕೆಂದೂ ಸೂಚಿಸಿದ್ದರು. ದೂರದಿಂದ ಕನ್ನಡಕ ತರಿಸುವವರಿಗೆ ಇದಕ್ಕಿಂತ ಹಿತವಾದ ಬುದ್ಧಿವಾದವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಫ್ರಾಂಕ್ಲಿನ್ನರು ಅದೇ ವರ್ಷದ ಕೊನೆಗೆ, ಎಪ್ಪತ್ತರ ಮುಪ್ಪಿನಲ್ಲಿ, ಹೊಸ ರಾಷ್ಟ್ರಕ್ಕೆ ನೆರವು ಬೇಡಲು ಫ್ರಾನ್ಸಿಗೆ ಹೊರಟರು. ಪ್ಯಾರಿಸ್ ಬಳಿಯ ಪಾಸಿ ಎಂಬ ಗ್ರಾಮದಲ್ಲಿ ಬಿಡಾರ ಮಾಡಿದರು. ಅವರ ಕಾರ್ಯವು ನ್ಯಾಯಸ್ಥಾನದಲ್ಲಿ ವಾದಿಸುವಂಥದಲ್ಲ. ಊಟದ ಮೇಜಿನಲ್ಲಿ ಗಣ್ಯರೊಡನೆ ಮಾತನಾಡಿ ಮನವೊಲಿಸುವಂಥದು. ಆದರೆ ಅವರ ಫ್ರೆಂಚ್ ಜ್ಞಾನ ಅಷ್ಟಕ್ಕಷ್ಟೇ. ತಟ್ಟೆಯಲ್ಲಿಯ ಅನ್ನ ಕಾಣುವ ಕನ್ನಡಕದಲ್ಲಿ ಎದುರು ಕುಳಿತವರ ಮುಖ ಮಸಕು. ಮುಖ ಕಾಣುವ ಕನ್ನಡಕದಲ್ಲಿ ತಟ್ಟೆ ಮಸಕು. ಅದಕ್ಕೂ ಮೊದಲು ಪ್ರಯಾಣಕಾಲದಲ್ಲಿ ಓದಲು ಒಂದು, ಹೊರಗಿನ ನೋಟಕ್ಕೆ ಇನ್ನೊಂದು ಎಂದು ಪದೇ ಪದೇ ಬದಲಿಸಿ ಬೇಸತ್ತಿದ್ದರು. ಆದುದರಿಂದ ಎರಡು ಬಗೆಯ ಗಾಜನ್ನೂ ಅಡ್ಡಲಾಗಿ ಕತ್ತರಿಸಿ, ದೂರದ ಅರ್ಧವನ್ನು ಮೇಲೆಯೂ ಸಮೀಪದ ಅರ್ಧವನ್ನು ಕೆಳಗೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿದರು. 1785ರ ಮೇ ತಿಂಗಳಲ್ಲಿ ಲಂಡನ್ನಿನ ಮಿತ್ರನಿಗೆ ಬರೆದ ಪತ್ರದಲ್ಲಿ ಇದರ ರಚನೆಯನ್ನು ವಿವರಿಸಿ, ಪರಭಾಷೆಯ ಧ್ವನಿಗೆ ಕಿವಿ ಒಗ್ಗದಿರುವಾಗ ಮಾತನಾಡುವವನ ಮುಖಚಲನೆ ಕಂಡರೆ ಅರ್ಥ ಹೊಳೆಯುತ್ತದೆ, ಹೀಗಾಗಿ ಕನ್ನಡಕದ ಸಹಾಯದಿಂದ ತಮಗೆ ಫ್ರೆಂಚ್ ಹೆಚ್ಚು ತಿಳಿಯುತ್ತದೆ ಎಂದು ವಿನೋದವಾಗಿ ತಿಳಿಸಿದರು. ಹಿಂದಿಯನ್ನೋ ಮರಾಠಿಯನ್ನೋ ತಮಿಳನ್ನೋ ಎದುರಿನವರ ತುಟಿ ನೋಡಿಯೇ ಕಲಿತ ನಮ್ಮವರಿಗೆ ಈ ಮಾತಿನ ಸತ್ಯ ಅನುಭವವೇದ್ಯ.

ಇಂಥ ಕನ್ನಡಕ ಕೆಲವೇ ಕಣ್ಣುಗಳಿಗೆ ಹೊಂದೀತೆಂದು ಲಂಡನ್ನಿನ ಪ್ರಸಿದ್ಧ ಕನ್ನಡಕ ತಯಾರಕ ಡಾಲಂಡ್ ಅಭಿಪ್ರಾಯಪಟ್ಟಿದ್ದನು. ಅದರ ರಚನೆ ಅವನಿಗೆ ಸರಿಯಾಗಿ ತಿಳಿದಿರಲಾರದೆಂದು ಫ್ರಾಂಕ್ಲಿನ್ನರು ಶಾಂತವಾಗಿಯೇ ಉತ್ತರಿಸಿದರು. ಅವರಿಗಿಂತ ಮೊದಲೇ ಬೇರೆಯವರು ಇದನ್ನು ಮಾಡಿರಬಹುದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದರೂ ಲೋಕವು ಕೀರ್ತಿಯನ್ನು ಅವರಿಗೇ ಸಲ್ಲಿಸಿದೆ. ಬೈಫೋಕಲ್ ಎಂಬ ಹೆಸರನ್ನು ಜಾನ್ ಐಸಾಕ್ ಹಾಕಿನ್ಸ್ ಎಂಬಾತನು ಇಟ್ಟದ್ದು 1820ರ ದಶಕದಲ್ಲಿ.

1785ರಲ್ಲಿ ಸ್ವದೇಶಕ್ಕೆ ಮರಳಿದ ಫ್ರಾಂಕ್ಲಿನ್ನರು 1787ರಲ್ಲಿ ರಾಜ್ಯಾಂಗ ರಚನೆಯ ಸಭೆಯಲ್ಲಿ ಪಾಲ್ಗೊಂಡರು. ಅವರ ಬಾಳಿನಲ್ಲಿ ಕಲೆಗಳಿಲ್ಲದಿರಲಿಲ್ಲ. ಅವರ ಮನೆಯಲ್ಲಿ ಗುಲಾಮರಿದ್ದರು. ಅವರ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತುಗಳನ್ನು ಪ್ರಕಟಿಸುತ್ತಿತ್ತು. ಸಾಗರದಾಚೆಯ ಅನ್ಯಾಯವನ್ನು ಕಂಡ ಕಣ್ಣಿಗೆ ಹೊಸ್ತಿಲೊಳಗಿನ ಅನ್ಯಾಯ ಬಹುಕಾಲ ಕಾಣಲಿಲ್ಲ. ಕಂಡ ಬಳಿಕ ಸುಮ್ಮನಿರಲಿಲ್ಲವೆಂಬುದೂ ನಿಜ. 1787ರಲ್ಲಿ ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾಗಿ, 1790ರ ಫೆಬ್ರವರಿಯಲ್ಲಿ ಆ ಅನಿಷ್ಟವನ್ನು ತೊಡೆಯಬೇಕೆಂದು ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದರು. ಎರಡು ತಿಂಗಳಲ್ಲಿಯೇ, ಏಪ್ರಿಲ್ 17ರಂದು, ಎಂಬತ್ತನಾಲ್ಕರ ವಯಸ್ಸಿನಲ್ಲಿ ದೈವಾಧೀನರಾದರು.

ಅವರ ಕನ್ನಡಕಕ್ಕೆ ಒಂದು ಕೊರತೆಯಿತ್ತು. ದೂರವೂ ಕಾಣುತ್ತದೆ, ಸಮೀಪವೂ ಕಾಣುತ್ತದೆ. ನಡುವಣ ತೋಳಳತೆಯ ನೋಟ ಮಸಕಾಗಿಯೇ ಉಳಿಯುತ್ತದೆ, ಗೆರೆ ದಾಟುವಾಗ ವಸ್ತು ನೆಗೆದಂತೆ ತೋರುತ್ತದೆ. ಇದನ್ನು ನೀಗುವ ಪ್ರೋಗ್ರೆಸಿವ್ ಮಸೂರವನ್ನು ಬರ್ನಾರ್ಡ್ ಮೆತೆನಾಜ್ ಎಂಬ ಫ್ರೆಂಚ್ ಎಂಜಿನಿಯರು ರೂಪಿಸಿದರು. 1959ರಲ್ಲಿ ಅದು ‘ವಾರಿಲಕ್ಸ್’ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ಇದರಲ್ಲಿ ಗೆರೆಯಿಲ್ಲ; ಮೇಲಿನಿಂದ ಕೆಳಕ್ಕೆ ಶಕ್ತಿ ಮೆಲ್ಲಮೆಲ್ಲನೆ ಏರುತ್ತದೆ. ಆದರೆ ಎರಡು ಪಕ್ಕಗಳಲ್ಲಿ ನೋಟ ಕದಡುತ್ತದೆ. ಕಣ್ಣನ್ನು ಓರೆಯಾಗಿಸದೆ ತಲೆಯನ್ನೇ ತಿರುಗಿಸಬೇಕು, ಒಗ್ಗಿಕೊಳ್ಳಲು ಕೆಲವು ದಿನ ಬೇಕು, ಬೆಲೆಯೂ ಸಾಮಾನ್ಯವಾಗಿ ಹೆಚ್ಚು.

ಆಯ್ಕೆಯು ಅವರವರ ಕಸುಬನ್ನು ಅವಲಂಬಿಸಿದೆ. ಹೋಟೆಲಿನ ಗಲ್ಲಾದ ಮೇಲೆ ವರ್ಷಗಟ್ಟಲೆ ಕುಳಿತ ನಮ್ಮ ಅನುಭವ ಹೇಳುವುದಾದರೆ, ಕೈಯಲ್ಲಿಯ ಬಿಲ್ಲೂ ಬಾಗಿಲಿನ ಗಿರಾಕಿಯ ಮುಖವೂ ಕಾಣಬೇಕಾದವರಿಗೆ ಬೈಫೋಕಲ್ ಸಾಕು. ಲೆಕ್ಕದ ಪುಸ್ತಕದ ಅಗಲವೆಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ದಿನವೆಲ್ಲ ಕಂಪ್ಯೂಟರಿನ ಮುಂದೆ ಇರುವವರಿಗೆ ನಡುವಣ ನೋಟ ಬೇಕು. ಅವರು ಪ್ರೋಗ್ರೆಸಿವ್ ಕಡೆ ಒಲಿಯುವುದು ಯುಕ್ತ. ಬೈಫೋಕಲಿಗೆ ಒಗ್ಗಿ ನೆಮ್ಮದಿಯಾಗಿರುವ ಹಿರಿಯರು ಕೇವಲ ಗೆರೆ ಕಾಣಬಾರದೆಂದು ಬದಲಿಸಬೇಕಾಗಿಲ್ಲ. ಎರಡರಲ್ಲಿಯೂ ಮೆಟ್ಟಿಲು ಇಳಿಯುವಾಗ ಕೆಳಭಾಗದಿಂದ ನೋಡಿದರೆ ಹೆಜ್ಜೆ ತಪ್ಪೀತು. ಗದ್ದವನ್ನು ತಗ್ಗಿಸಿ ಮೇಲ್ಭಾಗದಿಂದ ನೋಡಬೇಕು.

ಇನ್ನು ಮೊಬೈಲಿನ ಮೂಲಕ ತರಿಸುವ ವಿಚಾರ. ಓದಲಿಕ್ಕೆ ಮಾತ್ರ ಬೇಕಾದ ಸಾದಾ ಕನ್ನಡಕವನ್ನು, ಕೈಯಲ್ಲಿ ಹೊಸ ಚೀಟಿಯಿದ್ದರೆ, ಹಾಗೆ ತರಿಸಲು ಅಡ್ಡಿಯಿಲ್ಲ. ಬೈಫೋಕಲ್, ಅದಕ್ಕಿಂತಲೂ ಪ್ರೋಗ್ರೆಸಿವ್, ಹಾಗಲ್ಲ. ಮೂಗಿನ ನಡುವಿನಿಂದ ಒಂದೊಂದು ಕಣ್ಣಿನ ಪಾಪೆಗಿರುವ ದೂರವನ್ನೂ, ಆರಿಸಿದ ಚೌಕಟ್ಟಿನಲ್ಲಿ ಪಾಪೆ ನಿಲ್ಲುವ ಎತ್ತರವನ್ನೂ, ಅದೇ ಚೌಕಟ್ಟನ್ನು ಮುಖದ ಮೇಲಿರಿಸಿ ಅಳೆಯಬೇಕು. ಕೆಲವೇ ಮಿಲಿಮೀಟರು ತಪ್ಪಿದರೂ ಸಾವಿರಾರು ರೂಪಾಯಿಯ ಕನ್ನಡಕ ಪೆಟ್ಟಿಗೆಯಲ್ಲಿಯೇ ಉಳಿದೀತು. ಅಳತೆಗೆ ಜನರನ್ನು ಮನೆಗೆ ಕಳುಹಿಸುವ ಅಥವಾ ಊರಿನಲ್ಲಿ ಅಂಗಡಿಯಿರುವ ವ್ಯಾಪಾರಿಯನ್ನೇ ಆರಿಸಿ, ಹೊಂದದಿದ್ದರೆ ಮರಳಿ ಪಡೆಯುವರೇ ಎಂದು ಮೊದಲೇ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೇತ್ರವೈದ್ಯರನ್ನು ಕಾಣಬೇಕು. ಗ್ಲಾಕೋಮಾ ನೋವಿಲ್ಲದೆಯೇ ದೃಷ್ಟಿಯನ್ನು ಕದಿಯಬಲ್ಲದು. ಸಕ್ಕರೆ ಕಾಯಿಲೆಯೂ ಅಂತೆಯೇ. ಯಾವ ಕನ್ನಡಕವೂ ಅದನ್ನು ತಡೆಯಲಾರದು.

ಹದಿಮೂರು ಜೊತೆ ಕನ್ನಡಕವನ್ನು ಮುಂದಿಟ್ಟುಕೊಂಡು, ಒಂದೊಂದು ಕಣ್ಣನ್ನು ಬೇರೆ ಬೇರೆಯಾಗಿ, ಬಿಡುವಿನಿಂದ ಪರೀಕ್ಷಿಸಿಕೊಳ್ಳುವ ಅವಕಾಶವನ್ನು ಬಡ ತಂಗಿಗೆ ಅವಳ ಅಣ್ಣ ಒದಗಿಸಿದ್ದರು. ನಮ್ಮ ಮನೆಯ ಹಿರಿಯರಿಗೆ ಕನ್ನಡಕ ತರಿಸುವಾಗ ಅಷ್ಟು ತಾಳ್ಮೆಯನ್ನು ನಾವೂ ತೋರಿದರೆ ಸಾಕು.