ಹರ್ಮನ್ ಲೇಮನ್

ಗುಬ್ಬಿಯವನಾದ ನಾನು ತುಮಕೂರಿನ ಹಾಸ್ಟೆಲಿನಲ್ಲಿರುವೆನು. ನನ್ನ ಕೊಠಡಿಯ ಗೆಳೆಯ ಹೆಗ್ಗಡದೇವನಕೋಟೆಯ ಕಾಡಿನ ಕಡೆಯವನು. ಅವನ ಏಳು ವರ್ಷದ ತಮ್ಮನಿಗೆ ಒಂದು ಮುಂಜಾನೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿದುವು. ಊರವರು ಗಾಳಿ ಸೋಕಿತೆಂದರು. ರಕ್ತಪರೀಕ್ಷೆಯಲ್ಲಿ ತಿಳಿದದ್ದು ಕುಡುಗೋಲು ಕಣ ರೋಗ. ಆ ರೋಗದ ವಿಷಯ ಓದುತ್ತಿರುವಾಗ ನನಗೆ ಪರಿಚಯವಾದವರು ಲೇಮನ್ನರು.

1910ರಲ್ಲಿ ಜರ್ಮನಿಯ ಹಾಲೆ ನಗರದ ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಅವರು, ನಾಜಿಗಳ ಕಾಲದಲ್ಲಿ ತಾಯ್ನಾಡು ತೊರೆದು ಇಂಗ್ಲೆಂಡನ್ನು ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿ ಭಾರತಕ್ಕೆ ಬಂದು ರಕ್ತಹೀನತೆಯನ್ನು ಅಭ್ಯಸಿಸಿದರು. ನಮ್ಮ ನಾಡಿನ ಗಡಿಗೆ ತಾಗಿದ ನೀಲಗಿರಿಯ ಗಿರಿಜನರ ರಕ್ತದಲ್ಲಿಯೂ ಕುಡುಗೋಲು ಕಣದ ಗುಣವಿದೆಯೆಂದು 1952ರಲ್ಲಿ ಕಟ್‌ಬುಷ್ ಎಂಬುವರೊಡನೆ ಪ್ರಕಟಿಸಿದರು. ಅದು ಆಫ್ರಿಕ ಮೂಲದವರ ರೋಗವೆಂದೇ ಅನೇಕರು ಬಗೆದಿದ್ದ ಕಾಲವದು. ಮುಂದೆ ಕೇಂಬ್ರಿಜ್ಜಿನಲ್ಲಿ ಹೀಮೋಗ್ಲೋಬಿನ್ನಿನ ನಾನಾ ಬಗೆಗಳನ್ನು ಶೋಧಿಸುತ್ತ ಬಾಳಿ, 1985ರಲ್ಲಿ ತೀರಿಕೊಂಡರು.

ಆಮ್ಲಜನಕ ಕಡಮೆಯಾದಾಗ ಈ ರೋಗಿಗಳ ಕೆಂಪುಕಣಗಳು ಕುಡುಗೋಲಿನಂತೆ ಬಾಗುವುವು. ಮಿದುಳಿನ ರಕ್ತನಾಳ ಕಿರಿದಾಗಿ ಕಟ್ಟಿಕೊಂಡರೆ ಎಳೆಯ ಮಕ್ಕಳಿಗೂ ಪಾರ್ಶ್ವವಾಯು ಬಡಿಯುವುದು. ಒಮ್ಮೊಮ್ಮೆ ಹೊರಗೇನೂ ಕಾಣದೆ ಒಳಗೇ ಪೆಟ್ಟು ಬಿದ್ದು ಮಗು ಓದಿನಲ್ಲಿ ಹಿಂದುಳಿಯುವುದು, ನಾವು ದಡ್ಡನೆನ್ನುವೆವು. ತಲೆಯ ರಕ್ತನಾಳಗಳನ್ನು ಧ್ವನಿತರಂಗದಿಂದ ಪರೀಕ್ಷಿಸಿ, ಅಪಾಯವುಳ್ಳ ಮಕ್ಕಳಿಗೆ ಕಾಲಕಾಲಕ್ಕೆ ರಕ್ತ ಕೊಟ್ಟರೆ ಪಾರ್ಶ್ವವಾಯುವನ್ನು ಬಹುಮಟ್ಟಿಗೆ ತಡೆಯಬಹುದೆಂದು 1998ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಭಾರತ ಸರ್ಕಾರವೂ 2023ರಲ್ಲಿ ಈ ರೋಗದ ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ.

ಗೆಳೆಯನ ತಮ್ಮ ಈಗ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾನೆ. ಅವನ ರಕ್ತದ ಒಂದು ಹನಿಯನ್ನು ಮೊದಲೇ ಯಾರಾದರೂ ನೋಡಿದ್ದರೆ ಆ ಬಲಗೈ ಉಳಿಯುತ್ತಿತ್ತೇನೋ. ಎಲ್ಲಿಂದಲೋ ಬಂದ ಪರದೇಶಿಯೊಬ್ಬರು ನಮ್ಮ ಬೆಟ್ಟದ ಜನರ ರಕ್ತವನ್ನು ನೋಡಿದರು. ನೆರೆಯವರಾದ ನಾವು ನೋಡದಿರಬಹುದೆ?