ನೆಲದಡಿಯ ವಿಶ್ವೇಶ್ವರಯ್ಯ

ಪೊಳ್ಳಾಚಿಯ ಒಂದು ಓಣಿಯಲ್ಲಿ ಒಳಚರಂಡಿಗೆಂದು ಅಗೆದಿದ್ದ ಕಂದಕವನ್ನು ಹಲಗೆಯ ಮೇಲೆ ದಾಟಿ ನಾನೊಮ್ಮೆ ದೇವಾಂಗ ನೇಕಾರರ ಮನೆಯೊಂದಕ್ಕೆ ಹೋಗಿದ್ದೆ. ಕೊಯಮತ್ತೂರು ಸೀಮೆಯಲ್ಲಿ ನೆಲೆಸಿದ ದೇವಾಂಗರ ಮನೆಮಾತು ಕನ್ನಡ. ಅದನ್ನು ಕೇಳುವುದೇ ನನ್ನ ಉದ್ದೇಶ. ಆದರೆ ಮನೆಯ ಹಿರಿಯರು ಆಡಿದ್ದೆಲ್ಲ ಕಂದಕದ ಮಾತು. ಅಂಬರಾಂಪಾಳಯಂನಿಂದ ಆಳಿಯಾರ್ ಹೊಳೆಯ ನೀರನ್ನು ಊರಿಗೆ ತರುವ ಕೊಳವೆಗೆ ಏಟು ಬೀಳದಂತೆ ಚರಂಡಿಯ ಕೊಳವೆ ಎಷ್ಟು ಆಳದಲ್ಲಿ ಹೋಗಬೇಕು, ಮಳೆಗೆ ಮುಂಚೆ ಮುಚ್ಚುವರೋ ಇಲ್ಲವೋ ಎಂಬುದೇ ಅವರ ಚಿಂತೆ. ನಾನು ಹೊರಡುವಷ್ಟರಲ್ಲಿ ಮಳೆ ಸುರಿಯಿತು. ಕಂದಕದ ಅಂಚು ಕುಸಿದು, ಇಳಿಸಿಟ್ಟಿದ್ದ ಕೊಳವೆ ಕೆಸರಿನಲ್ಲಿ ಹೂತುಹೋಯಿತು. ಜಗಲಿಯಲ್ಲಿ ನಿಂತು ಅದನ್ನು ನೋಡುತ್ತಿದ್ದಾಗ ನೆನಪಾದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ವೃತ್ತಿಜೀವನ ಮೊದಲಾದದ್ದೂ ಮಳೆಗಾಲದಲ್ಲಿ ಕೊಳವೆ ಹೂಳುವ ಇಂಥದೇ ಒಂದು ಕಷ್ಟದಿಂದ.

ಎರಡು ಭಾಷೆಗಳಲ್ಲಿ ಶಾಲೆ ಕಲಿತ ನನಗೆ ಬಾಲ್ಯದಲ್ಲಿ ಇಬ್ಬರು ವಿಶ್ವೇಶ್ವರಯ್ಯನವರ ಪರಿಚಯವಿತ್ತು. ಮರಾಠಿ ಗುರುಗಳು ಹೇಳುತ್ತಿದ್ದುದು ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಜೋಡಿಸಿದವರ ಕಥೆ. ಕನ್ನಡ ಗುರುಗಳದು ಕನ್ನಂಬಾಡಿಯ ಕಥೆ. ನೆಲದಡಿಯ ಕೆಲಸದ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಣ್ಣಿಗೆ ಕಾಣದ್ದು ಪಠ್ಯಪುಸ್ತಕದ ಚಿತ್ರವಾಗುವುದಾದರೂ ಹೇಗೆ?

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮಕ್ಕಳಿಗೆ ಪಾಠ ಹೇಳಿ ಸಂಪಾದಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾದರು.

ಖಾನ್‌ದೇಶದ ಧುಳೆಯಲ್ಲಿ ಅವರಿಗೆ ಒಪ್ಪಿಸಿದ ಮೊದಲ ಕೆಲಸ, ಪಾಂಝರಾ ನದಿಯ ಕಾಲುವೆಯೊಂದರ ನೀರನ್ನು ಕೊಳವೆಯ ಮೂಲಕ ಹಳ್ಳದಾಚೆಗೆ ದಾಟಿಸುವುದು. ಇಂಥ ಕೊಳವೆ ಹಳ್ಳದ ತಳಕ್ಕೂ ಕೆಳಗೆ ಇಳಿದು ಆಚೆ ದಡದಲ್ಲಿ ಮೇಲೇರುತ್ತದೆ. ಒಳಹೊಗುವ ಬಾಯಿ ಹೊರಬೀಳುವ ಬಾಯಿಗಿಂತ ತುಸು ಎತ್ತರದಲ್ಲಿದ್ದರೆ ಸಾಕು, ಯಂತ್ರದ ಹಂಗಿಲ್ಲದೆ ನೀರು ತನ್ನ ಭಾರದಿಂದಲೇ ಆಚೆಗೆ ಏರುತ್ತದೆ. ತತ್ತ್ವ ಸರಳ, ಕೆಲಸ ಮಾತ್ರ ಕಠಿಣ. ಹಳ್ಳದ ತಳವನ್ನು ಒಣಗಿಸಿಕೊಂಡು ಅಗೆಯಬೇಕು. ಪ್ರವಾಹ ಬಂದರೆ ಅಗೆದಲ್ಲೆಲ್ಲ ಮರಳು ತುಂಬುತ್ತದೆ. ಮಳೆ ಹಿಡಿದಾಗ ಆದದ್ದು ಅದೇ. ವ್ಯರ್ಥ ವೆಚ್ಚವಾಗುವುದೆಂದೂ ಮಳೆಗಾಲ ಮುಗಿಯುವವರೆಗೆ ಕೆಲಸ ನಿಲ್ಲಿಸುವುದು ಲೇಸೆಂದೂ ತರುಣ ಅಧಿಕಾರಿ ಮೇಲಿನವರಿಗೆ ಬರೆದರು. ಮೇಲಧಿಕಾರಿಗೆ ಅದರಲ್ಲಿ ಕಂಡದ್ದು ಅವಿಧೇಯತೆ. ಸೇವೆಗೆ ಸೇರಿದ ಹೊಸತರಲ್ಲೇ ಇಂಥ ಆಕ್ಷೇಪಣೆ ಬಂದರೆ ಮುಂದಿನ ಬಾಳಿಗೆ ಕುತ್ತು. ವಿಶ್ವೇಶ್ವರಯ್ಯನವರು ವಾದ ಬೆಳೆಸದೆ ಮಳೆಯಲ್ಲೇ ಕೆಲಸಕ್ಕೆ ಇಳಿದರು. ಅವರ ಅಂದಾಜು ನಿಜವೆಂಬುದನ್ನು ಹಳ್ಳವೇ ತೋರಿಸಿಕೊಟ್ಟಿತು. ಮುಂದೆ ಕೆಲಸವೂ ಮುಗಿಯಿತು, ಮೇಲಿನವರ ಮೆಚ್ಚುಗೆಯೂ ದೊರೆಯಿತು. ಇದನ್ನು ಶ್ರದ್ಧೆಯ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಆ ಪತ್ರ. ತಿಳಿದದ್ದನ್ನು ಕಾರಣಸಹಿತ ಕಾಗದದ ಮೇಲೆ ಇಡುವ ಅಭ್ಯಾಸವನ್ನು ಒಂದು ಗದರಿಕೆ ಅವರಿಂದ ಬಿಡಿಸಲಾಗಲಿಲ್ಲ.

ಸುಮಾರು ಹತ್ತು ವರ್ಷಗಳ ತರುವಾಯ ಅವರನ್ನು ಸಿಂಧ್ ಪ್ರಾಂತದ ಸುಕ್ಕೂರಿಗೆ ಕಳುಹಿಸಲಾಯಿತು. ಸಿಂಧೂ ನದಿಯ ನೀರು ಕೆಸರು. ಶೋಧಿಸುವ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯಲ್ಲಿ ಇರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನೊಳಗಿಂದ ಜಿನುಗಿ ತಿಳಿಯಾದ ನೀರನ್ನು ನೆಲದಡಿಯ ಸುರಂಗದ ಮೂಲಕ ದಡಕ್ಕೆ ತಂದು, ಪಂಪಿನಿಂದ ಎತ್ತರಕ್ಕೆ ಏರಿಸಿದರು. ನದಿಯ ಮರಳೇ ಶೋಧನೆಯ ತೊಟ್ಟಿಯಾಯಿತು. ಬೇಸಿಗೆಯಲ್ಲಿ ಬತ್ತಿದ ಹೊಳೆಯಲ್ಲಿ ವರತೆ ತೋಡಿ ಕೊಡ ತುಂಬಿಸುವ ನಮ್ಮ ಹೆಣ್ಣುಮಕ್ಕಳಿಗೆ ಈ ಉಪಾಯ ಹೊಸದೇನಲ್ಲ. ಅದನ್ನು ಒಂದು ನಗರದ ಅಳತೆಗೆ ಹಿಗ್ಗಿಸಿದ್ದು ಅವರ ಹಿರಿಮೆ. 1906ರಲ್ಲಿ, ಆಗ ಮುಂಬಯಿ ಸರ್ಕಾರದ ಆಡಳಿತಕ್ಕೆ ಸೇರಿದ್ದ ಏಡನ್ನಿಗೆ ಹೋದಾಗಲೂ ಅವರು ಊರಿನ ಚರಂಡಿಯ ಯೋಜನೆ ರೂಪಿಸಿದ್ದಲ್ಲದೆ, ಕುಡಿಯುವ ನೀರಿಗಾಗಿ ಉತ್ತರದ ಲಹೇಜ್ ಕಡೆಯ ನದಿಪಾತ್ರದ ಅಡಿಯ ನೀರಿನತ್ತ ಬೆರಳು ತೋರಿಸಿದರು.

ಮುಂಬಯಿ ಪ್ರಾಂತದಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ ಭಾರತೀಯನಿಗೆ ಎಟುಕುವಂತಿರಲಿಲ್ಲ. 1908ರಲ್ಲಿ ಅವರು ಸೇವೆಯಿಂದ ಹೊರಬಂದು ಯುರೋಪಿನ ಪ್ರವಾಸಕ್ಕೆ ಹೊರಟರು. ಅದೇ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು; ನಿಜಾಮರ ಸರ್ಕಾರದಿಂದ ಕರೆ ಬಂತು. ಪ್ರವಾಹ ತಡೆಯುವ ಜಲಾಶಯಗಳ ಮಾತನ್ನು ಎಲ್ಲರೂ ಬಲ್ಲರು. ಅವರು ಅದರ ಜೊತೆಗೇ ನಗರದ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದರು. 1922ರಲ್ಲಿ ಮತ್ತೆ ಹೋದದ್ದು ಆ ಕೆಲಸಕ್ಕಾಗಿಯೇ. ಒಳಚರಂಡಿ ಇಲ್ಲದ ಊರಿನಲ್ಲಿ ಮಲವನ್ನು ಹೊರುತ್ತಿದ್ದವರು ಮನುಷ್ಯರು. ಜೀವನಚರಿತ್ರೆ ಬರೆಯುವ ನಾವು ಮೂಗು ಮುಚ್ಚಿಕೊಂಡು ಈ ಪುಟವನ್ನು ಬೇಗ ಮಗುಚುತ್ತೇವೆ. ಕೊಳವೆ ಬಂದಮೇಲೂ ಅದರ ಗುಂಡಿಗೆ ಮನುಷ್ಯರನ್ನು ಇಳಿಸುವುದು ತಪ್ಪಲಿಲ್ಲ. 2013ರಲ್ಲಿ ಅದನ್ನು ತಡೆಯುವ ಕಾಯ್ದೆ ಬಂದ ಬಳಿಕವೂ ಸಾವಿನ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆ, 1912ರಿಂದ ದಿವಾನಗಿರಿ, ಕನ್ನಂಬಾಡಿ, ಭದ್ರಾವತಿ ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿಗಳು. ಬೆಂಗಳೂರಿನ ನೀರಿನ ಬವಣೆ ನೀಗಲು ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಅದರ ಫಲವಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1955ರಲ್ಲಿ ಭಾರತರತ್ನರಾದ ಅವರು ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮೊನ್ನೆ ಪೊಳ್ಳಾಚಿಯ ಆ ಹಿರಿಯರು ಫೋನ್ ಮಾಡಿದ್ದರು. ಹೂತ ಕೊಳವೆಯನ್ನು ಮೇಲೆತ್ತಿ, ತಳಕ್ಕೆ ಮರಳು ಹಾಸಿ, ಇಳಿಜಾರು ನೋಡಿಕೊಂಡು ಮತ್ತೆ ಜೋಡಿಸಿ ಕಂದಕ ಮುಚ್ಚಿದ್ದಾರಂತೆ. ಮನೆಗೆ ಸಂಪರ್ಕ ಕೊಡುವುದೊಂದು ಬಾಕಿ ಇದೆಯಂತೆ.