ಮರೀನಾದ ಐಸ್ ಹೌಸ್‌ನಲ್ಲಿ ವಿಧವೆಯರನ್ನು ಟೀಚರ್ ಮಾಡಿದ ಸಿಸ್ಟರ್ ಸುಬ್ಬಲಕ್ಷ್ಮಿ

ಚೆನ್ನೈಗೆ ಹೋದವರು ಮರೀನಾ ಬೀಚ್ ನೋಡದೆ ಬರುವುದಿಲ್ಲ. ಬೀಚ್ ಎದುರಿನ ರಸ್ತೆಯಲ್ಲಿ ತಿರುವಲ್ಲಿಕೇಣಿ ಕಡೆ ಒಂದು ವಿಚಿತ್ರ ಆಕಾರದ, ದುಂಡನೆಯ ಮುಂಭಾಗದ ಕಟ್ಟಡವಿದೆ. ಈಗ ಅದರ ಹೆಸರು ವಿವೇಕಾನಂದ ಇಲ್ಲಂ. ಆಟೋದವರಿಗೆ ಐಸ್ ಹೌಸ್ ಎಂದರೂ ಸಾಕು, ಕರೆದುಕೊಂಡು ಹೋಗುತ್ತಾರೆ. 1842ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ದಾಸ್ತಾನು ಮಾಡಲು ಕಟ್ಟಿದ ಗೋದಾಮು ಅದು. 1897ರಲ್ಲಿ ಸ್ವಾಮಿ ವಿವೇಕಾನಂದರು ವಿದೇಶದಿಂದ ಮರಳಿ ಮದ್ರಾಸಿಗೆ ಬಂದಾಗ ಉಳಿದುಕೊಂಡಿದ್ದೂ ಅಲ್ಲಿಯೇ. ಇವೆರಡು ಕಥೆ ಬಹಳ ಜನರಿಗೆ ಗೊತ್ತು.

ಮೂರನೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ಮಂಜುಗಡ್ಡೆ ಕರಗಿ, ಸ್ವಾಮೀಜಿ ಹೋಗಿ ವರ್ಷಗಳಾದ ಮೇಲೆ ಆ ಮನೆಯ ತುಂಬ ಬಾಲವಿಧವೆಯರಿದ್ದರು. ಅವರು ಅಲ್ಲಿ ಅಳುತ್ತಾ ಕೂತಿರಲಿಲ್ಲ, ಓದುತ್ತಿದ್ದರು. ಓದಿ ಶಾಲೆಯ ಟೀಚರ್ ಆಗಿ ಹೊರಬರುತ್ತಿದ್ದರು. ಅವರನ್ನು ಅಲ್ಲಿಗೆ ಕರೆತಂದವರು ಆರ್.ಎಸ್. ಸುಬ್ಬಲಕ್ಷ್ಮಿ. ಹೆಸರು ಕೇಳಿದ ತಕ್ಷಣ ಸುಪ್ರಭಾತದ ಎಂ.ಎಸ್. ನೆನಪಾದರೆ ತಪ್ಪಲ್ಲ, ಆದರೆ ಇವರು ಬೇರೆ. ಮದ್ರಾಸಿನ ಜನ ಇವರನ್ನು ಕರೆಯುತ್ತಿದ್ದುದು ಸಿಸ್ಟರ್ ಸುಬ್ಬಲಕ್ಷ್ಮಿ ಎಂದು. ಸಿಸ್ಟರ್ ಎಂದ ಮಾತ್ರಕ್ಕೆ ಕ್ರೈಸ್ತ ಸನ್ಯಾಸಿನಿಯೂ ಅಲ್ಲ, ಆಸ್ಪತ್ರೆಯ ನರ್ಸ್ ಕೂಡ ಅಲ್ಲ. ಅಪ್ಪಟ ಸಂಪ್ರದಾಯಸ್ಥ ತಮಿಳು ಬ್ರಾಹ್ಮಣ ಮನೆಯ ಹಿರಿಯ ಮಗಳು.

11ನೇ ವಯಸ್ಸಿಗೆ ಮುಗಿದ ಮದುವೆ

ಸುಬ್ಬಲಕ್ಷ್ಮಿ ಹುಟ್ಟಿದ್ದು 1886ರ ಆಗಸ್ಟ್ 18ರಂದು, ಮದ್ರಾಸಿನ ಮೈಲಾಪುರದಲ್ಲಿ. ತಂದೆ ಸುಬ್ರಮಣ್ಯ ಅಯ್ಯರ್ ಸಿವಿಲ್ ಎಂಜಿನಿಯರ್, ತಾಯಿ ವಿಶಾಲಾಕ್ಷಿ. ಕುಟುಂಬದ ಮೂಲ ತಂಜಾವೂರು ಸೀಮೆಯ ರಿಷಿಯೂರು. ಹುಡುಗಿ ಬಹಳ ಚುರುಕು. ಒಂಬತ್ತನೇ ವಯಸ್ಸಿನಲ್ಲಿ ನಾಲ್ಕನೇ ತರಗತಿಯ ಪಬ್ಲಿಕ್ ಪರೀಕ್ಷೆ ಬರೆದು ಇಡೀ ಚೆಂಗಲ್ಪಟ್ಟು ಜಿಲ್ಲೆಗೆ ಮೊದಲಿಗಳಾದಳು.

ಹನ್ನೊಂದಕ್ಕೆ ಮದುವೆಯಾಯಿತು. ಆ ಕಾಲದ ಪದ್ಧತಿ ಹಾಗೆಯೇ ಇತ್ತು. ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡ. ಸಂಸಾರ ಎಂದರೇನೆಂದು ತಿಳಿಯುವ ಮೊದಲೇ ಮಗು ವಿಧವೆಯಾಯಿತು.

ಎಂ.ಕೆ. ಇಂದಿರಾ ಅವರ ಫಣಿಯಮ್ಮ ಓದಿದವರಿಗೆ, ಪ್ರೇಮಾ ಕಾರಂತರ ಸಿನಿಮಾ ನೋಡಿದವರಿಗೆ ಮುಂದೆ ಏನಾಗಬೇಕಿತ್ತು ಎಂದು ಹೇಳಬೇಕಿಲ್ಲ. ಹಿತ್ತಲ ಕೋಣೆ, ಒಪ್ಪತ್ತು ಊಟ, ಅಡುಗೆಮನೆಯ ಹೊಗೆ, ಶುಭಕಾರ್ಯದ ದಿನ ಯಾರ ಕಣ್ಣಿಗೂ ಬೀಳದಂತೆ ಮರೆಯಾಗಿ ಇರುವುದು. ಸುಬ್ಬಲಕ್ಷ್ಮಿಯ ಮನೆಯಲ್ಲೇ ಅದಕ್ಕೆ ಉದಾಹರಣೆ ಇತ್ತು. ಆಕೆಯ ಚಿಕ್ಕಮ್ಮ ವಾಲಾಂಬಾಳ್ ಕೂಡ ವಿಧವೆ. ಆದರೆ ಅಪ್ಪ ಅಮ್ಮ ಮಗಳ ವಿಷಯದಲ್ಲಿ ಬೇರೆ ತೀರ್ಮಾನ ಮಾಡಿದರು. ಮದ್ರಾಸಿಗೆ ಬಂದು ಆಕೆಯನ್ನು ಓದಿಸಿದರು. ಮೊದಲು ಮನೆಯಲ್ಲಿ, ಆಮೇಲೆ ಪ್ರೆಸೆಂಟೇಶನ್ ಕಾನ್ವೆಂಟ್‌ನಲ್ಲಿ, ಕೊನೆಗೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ನೆಂಟರಿಷ್ಟರ ಬಾಯಿ ಸುಮ್ಮನಿರುತ್ತದೆಯೇ? ವಿಧವೆ ಹುಡುಗಿ ಪುಸ್ತಕ ಹಿಡಿದು ಬೀದಿಯಲ್ಲಿ ನಡೆಯುವುದೇ ಆಗ ಒಂದು ಹಗರಣ. ಅಯ್ಯರ್ ಕುಟುಂಬ ಅದನ್ನೆಲ್ಲ ಸಹಿಸಿತು. ಈ ಕಥೆಯಲ್ಲಿ ಆ ಅಪ್ಪನಿಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂದೇ ಅನ್ನಿಸುತ್ತದೆ.

ಕಾನ್ವೆಂಟಿನ ಐರಿಷ್ ಸನ್ಯಾಸಿನಿಯರು ಹುಡುಗಿಯ ಮನಸ್ಸಿನ ಮೇಲೆ ಆಳವಾದ ಪರಿಣಾಮ ಬೀರಿದರು. ಅವರಿಗೂ ಮದುವೆಯಿಲ್ಲ, ಮಕ್ಕಳಿಲ್ಲ. ಆದರೂ ಯಾರೂ ಅವರನ್ನು ಅಮಂಗಳ ಎನ್ನುವುದಿಲ್ಲ. ಬೆಳಗಾದರೆ ಪಾಠ, ಮಕ್ಕಳು, ಕೆಲಸ. ಗಂಡನಿಲ್ಲದ ಹೆಣ್ಣು ಗೌರವದಿಂದ ಬದುಕುವ ಒಂದು ಮಾದರಿ ಆಕೆಯ ಕಣ್ಣೆದುರಿಗೇ ಇತ್ತು. ಆಕೆ ಮತ ಬದಲಿಸಲಿಲ್ಲ, ಆ ಬದುಕಿನ ಕ್ರಮವನ್ನಷ್ಟೇ ತೆಗೆದುಕೊಂಡಳು. ಸಿಸ್ಟರ್ ಎಂಬ ಹೆಸರಿನ ಹಿಂದೆ ಇರುವುದು ಇದೇ.

1911ರಲ್ಲಿ ಸುಬ್ಬಲಕ್ಷ್ಮಿ ಪದವಿ ಮುಗಿಸಿದಾಗ ಮದ್ರಾಸ್ ಪ್ರಾಂತ್ಯದ ಮೊದಲ ಹಿಂದೂ ಮಹಿಳಾ ಪದವೀಧರೆ ಎಂದು ಊರೆಲ್ಲ ಸುದ್ದಿ.

ಎಗ್ಮೋರ್ ಮನೆಯ ನಾಲ್ವರು

ಈಗ ಆ ಕಾಲದ ಶಾಲೆಗಳ ಕಡೆ ಸ್ವಲ್ಪ ನೋಡಬೇಕು. ಹೆಣ್ಣುಮಕ್ಕಳ ಶಾಲೆ ತೆರೆಯಲು ಸರ್ಕಾರಕ್ಕೆ ಮನಸ್ಸಿತ್ತು, ಆದರೆ ಪಾಠ ಹೇಳುವವರು ಯಾರು? ಸ್ವಲ್ಪ ದೊಡ್ಡವಳಾದ ಮಗಳನ್ನು ಗಂಡು ಮೇಷ್ಟ್ರ ಮುಂದೆ ಕೂರಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಹೆಂಗಸು ಮೇಷ್ಟ್ರು ಬೇಕೆಂದರೆ ಓದಿದ ಹೆಂಗಸರೇ ಇಲ್ಲ. ಓದುವ ವಯಸ್ಸಿಗೆ ಎಲ್ಲರಿಗೂ ಮದುವೆ ಆಗಿರುತ್ತಿತ್ತು. ಇತ್ತ ಶಾಲೆಗೆ ಟೀಚರ್ ಇಲ್ಲ, ಅತ್ತ ಮನೆಮನೆಯ ಹಿತ್ತಲಲ್ಲಿ ಹತ್ತು ಹದಿನೈದು ವರ್ಷದ ವಿಧವೆಯರು ಏನೂ ಮಾಡಲಾಗದೆ ಕೂತಿದ್ದಾರೆ. ಈ ಎರಡನ್ನೂ ಜೋಡಿಸಬಹುದೆಂದು ಬಾಲಕಿಯರ ಶಾಲೆಗಳ ಇನ್ಸ್‌ಪೆಕ್ಟ್ರೆಸ್ ಆಗಿದ್ದ ಕ್ರಿಸ್ಟಿನಾ ಲಿಂಚ್ ಅವರಿಗೂ ಹೊಳೆದಿತ್ತು, ಸುಬ್ಬಲಕ್ಷ್ಮಿಗೂ ಹೊಳೆದಿತ್ತು. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆ ವಿಧವೆಯರ ಆಶ್ರಮ ಆರಂಭಿಸಿ ಆಗಲೇ ಒಂದೂವರೆ ದಶಕ ಕಳೆದಿತ್ತು. ಮದ್ರಾಸಿನಲ್ಲಿ ಅಂಥದ್ದು ಇರಲಿಲ್ಲ.

ಸುಬ್ಬಲಕ್ಷ್ಮಿ ಎಗ್ಮೋರ್‌ನ ತಂದೆಯ ಮನೆಯಲ್ಲೇ ಕೆಲಸ ಆರಂಭಿಸಿದರು. ಮೊದಲು ಬಂದವರು ನಾಲ್ಕೇ ನಾಲ್ಕು ಬಾಲವಿಧವೆಯರು. 1912ರಲ್ಲಿ ಶಾರದಾ ಲೇಡೀಸ್ ಯೂನಿಯನ್ ಎಂಬ ಸಂಘ ಹುಟ್ಟಿಕೊಂಡಿತು. ಮಹಿಳೆಯರು ಒಟ್ಟಿಗೆ ಸೇರಿ ಮಾತಾಡಲು, ಓದಲು, ಈ ಕೆಲಸಕ್ಕೆ ಹಣ ಕೂಡಿಸಲು ಒಂದು ಜಾಗ ಅದು. ಲಿಂಚ್ ಸರ್ಕಾರವನ್ನು ಒಪ್ಪಿಸಿದರು, ವಿಧವೆಯರ ಹಾಸ್ಟೆಲ್‌ಗೆ ಸರ್ಕಾರದ ಬೆಂಬಲ ಸಿಕ್ಕಿತು. ಹುಡುಗಿಯರ ಸಂಖ್ಯೆ ಏರಿದಂತೆ ಮನೆ ಸಾಲದಾಯಿತು. 1917ರಲ್ಲಿ ಸರ್ಕಾರ ಐಸ್ ಹೌಸ್ ಕಟ್ಟಡವನ್ನು ಖರೀದಿಸಿ ಇವರಿಗಾಗಿ ಬಿಟ್ಟುಕೊಟ್ಟಿತು.

ಚಿಕ್ಕಮ್ಮ ವಾಲಾಂಬಾಳ್ ಹುಡುಗಿಯರನ್ನು ನೋಡಿಕೊಳ್ಳಲು ಜೊತೆಗೆ ನಿಂತರು. ಊಟ, ಮಡಿ, ಪೂಜೆ, ಎಲ್ಲವೂ ಮನೆಯ ಕ್ರಮದಂತೆಯೇ ನಡೆಯುತ್ತಿತ್ತು. ಇದು ಸುಬ್ಬಲಕ್ಷ್ಮಿಯವರ ಜಾಣತನ. ಮಡಿ ಕೆಡುತ್ತದೆ ಎಂಬ ಒಂದೇ ಕಾರಣಕ್ಕೆ ಮಗಳನ್ನು ವಾಪಸ್ ಕರೆದುಕೊಂಡು ಹೋಗಲು ತಂದೆತಾಯಿ ಕಾಯುತ್ತಿದ್ದರು, ಆ ನೆಪ ಅವರಿಗೆ ಸಿಗದಂತೆ ನೋಡಿಕೊಂಡರು. ಆದರೆ ಇದಕ್ಕೆ ಒಂದು ಬೆಲೆಯೂ ಇತ್ತು. ಹಾಸ್ಟೆಲ್ ಬ್ರಾಹ್ಮಣ ವಿಧವೆಯರಿಗೆ ಮಾತ್ರ ಸೀಮಿತವಾಗಿತ್ತು. ಇಂದಿನ ಕಣ್ಣಿಗೆ ಇದು ಚುಚ್ಚುತ್ತದೆ, ಚುಚ್ಚಲೇಬೇಕು. ಅದೇ ಸುಬ್ಬಲಕ್ಷ್ಮಿ ಮರೀನಾ ಪಕ್ಕದ ಕುಪ್ಪಂನ ಮೀನುಗಾರರ ಮಕ್ಕಳಿಗೂ ಶಾಲೆ ತೆರೆದರು ಎಂಬುದನ್ನೂ ಜೊತೆಗೇ ಹೇಳಬೇಕು.

ಐಸ್ ಹೌಸ್‌ನಿಂದ ಸ್ವಲ್ಪ ದೂರದಲ್ಲಿ, ಅದೇ ಕಡಲ ದಂಡೆಯಲ್ಲಿ 1914ರಲ್ಲಿ ಮಹಿಳೆಯರಿಗಾಗಿ ಒಂದು ಕಾಲೇಜು ಆರಂಭವಾಗಿತ್ತು. ಮುಂದೆ ಕ್ವೀನ್ ಮೇರೀಸ್ ಎಂದು ಹೆಸರಾದದ್ದು ಅದೇ. ಹಾಸ್ಟೆಲಿನ ಹುಡುಗಿಯರಿಗೆ ಹೈಸ್ಕೂಲು ಮುಗಿಸಿದ ಮೇಲೆ ಹೋಗಲು ಒಂದು ಬಾಗಿಲು ಸಿಕ್ಕಿತು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಓದಿದ್ದೂ ಈ ಕಾಲೇಜಿನಲ್ಲೇ. ಅವರೂ ಬಾಲವಿಧವೆಯೇ ಆಗಿದ್ದರು ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಟೀಚರ್‌ಗಳಿಗೆ ಪಾಠ ಹೇಳಿದ ಟೀಚರ್

ಹುಡುಗಿಯರು ಓದಿದರು, ಸರಿ. ಓದಿದವರೆಲ್ಲ ಕಲಿಸಬಲ್ಲರೇ? ಗಣಿತದಲ್ಲಿ ನೂರಕ್ಕೆ ನೂರು ತೆಗೆದವರು ಮಗುವಿಗೆ ಕಳೆಯುವ ಲೆಕ್ಕ ಹೇಳಿಕೊಡಲು ತಡವರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಕಲಿಸುವುದೂ ಒಂದು ವಿದ್ಯೆ, ಅದನ್ನೂ ಕಲಿಯಬೇಕು.

ಹಾಗೆ ನೋಡಿದರೆ ಮದ್ರಾಸಿಗೆ ಈ ವಿದ್ಯೆಯಲ್ಲಿ ಹಳೆಯ ನಂಟಿದೆ. 18ನೇ ಶತಮಾನದ ಕೊನೆಯಲ್ಲಿ ಇದೇ ಎಗ್ಮೋರ್‌ನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಕ್ರಮವನ್ನು ಜಾರಿಗೆ ತಂದ. ನಮ್ಮ ಕಡೆಯ ಕೂಲಿಮಠಗಳಲ್ಲಿ ಹಿರಿಯ ಹುಡುಗ ಕಿರಿಯರಿಗೆ ಮಗ್ಗಿ ಹೇಳಿಸುತ್ತಿದ್ದ ಹಾಗೆಯೇ. ಬೆಲ್ ಇದನ್ನು ಇಂಗ್ಲೆಂಡಿಗೆ ಒಯ್ದ, ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರು ಬಂತು. ಆಮೇಲೆ ಸೈದಾಪೇಟೆಯ ಟೀಚರ್ಸ್ ಕಾಲೇಜು ದಕ್ಷಿಣ ಭಾರತಕ್ಕೇ ಹೆಸರಾಯಿತು. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ಕೂಡ ಅಲ್ಲಿ ತರಬೇತಿ ಪಡೆದವರು. ಆದರೆ ಹೆಣ್ಣುಮಕ್ಕಳಿಗೆ ಅವರದೇ ಆದ, ದೊಡ್ಡ ಮಟ್ಟದ ವ್ಯವಸ್ಥೆ ಬೇಕಿತ್ತು.

1922ರಲ್ಲಿ ಐಸ್ ಹೌಸ್‌ನ ಮಗ್ಗುಲಲ್ಲೇ ಲೇಡಿ ವಿಲಿಂಗ್ಡನ್ ಟ್ರೈನಿಂಗ್ ಕಾಲೇಜ್ ಮತ್ತು ಪ್ರಾಕ್ಟೀಸ್ ಸ್ಕೂಲ್ ಆರಂಭವಾಯಿತು. ಆಗಿನ ಗವರ್ನರ್ ಲಾರ್ಡ್ ವಿಲಿಂಗ್ಡನ್ ಅವರ ಪತ್ನಿಯ ಹೆಸರನ್ನು ಅದಕ್ಕಿಟ್ಟರು. ಮೊದಲ ಮುಖ್ಯಸ್ಥೆ ಸುಬ್ಬಲಕ್ಷ್ಮಿ.

ಅಲ್ಲಿ ಮೂರು ಹಂತದ ತರಬೇತಿ ಇತ್ತು. ಪದವೀಧರೆಯರಿಗೆ ಒಂದು, ಮಿಡ್ಲ್ ಸ್ಕೂಲಿನವರೆಗೆ ಕಲಿಸುವವರಿಗೆ ಇನ್ನೊಂದು, ಪ್ರಾಥಮಿಕ ಶಾಲೆಯ ಟೀಚರ್‌ಗಳಿಗೆ ಮತ್ತೊಂದು. ಕಡಿಮೆ ಓದಿದವಳೆಂದು ಯಾರನ್ನೂ ವಾಪಸ್ ಕಳಿಸಬೇಕಾಗಿರಲಿಲ್ಲ. ಎಲ್ಲಿ ನಿಂತಿದ್ದಾಳೋ ಅಲ್ಲಿಂದಲೇ ಶುರು ಮಾಡಬಹುದಿತ್ತು. ಇಂಗ್ಲಿಷ್ ಕಡ್ಡಾಯ. ವ್ಯಾಯಾಮವೂ ಇತ್ತು, ಕೈಕಸುಬೂ ಇತ್ತು. ಪಾಠ ಹೇಳುವವರಲ್ಲಿ ಕ್ರೈಸ್ತರಿದ್ದರು, ಬ್ರಾಹ್ಮಣೇತರರಿದ್ದರು. ಐಸ್ ಹೌಸ್‌ನ ಮಡಿ ಗೋಡೆ ಕಾಲೇಜಿನ ಬಾಗಿಲಿಗೆ ಬರುವಷ್ಟರಲ್ಲಿ ತೆಳ್ಳಗಾಗಿತ್ತು.

ಹೆಸರಿನಲ್ಲಿರುವ ಪ್ರಾಕ್ಟೀಸ್ ಸ್ಕೂಲ್ ಎಂಬ ಮಾತನ್ನು ಗಮನಿಸಿ. ಕಾಲೇಜಿನ ಆವರಣದಲ್ಲೇ ನಿಜವಾದ ಮಕ್ಕಳಿರುವ ನಿಜವಾದ ಶಾಲೆ. ಆಗಿನ ಟ್ರೈನಿಂಗ್ ಕಾಲೇಜುಗಳ ಕ್ರಮವೆಂದರೆ ಒಬ್ಬಳು ಪಾಠ ಮಾಡಬೇಕು, ಜೊತೆಯ ಟ್ರೈನಿಗಳು ಹಿಂದೆ ಕೂತು ನೋಡಬೇಕು. ಪಾಠ ಮುಗಿದ ಮೇಲೆ ಎಲ್ಲಿ ಚೆನ್ನಾಗಿತ್ತು, ಎಲ್ಲಿ ಮಕ್ಕಳ ಗಮನ ತಪ್ಪಿತು ಎಂದು ಎಲ್ಲರೂ ಮಾತಾಡಬೇಕು. ಬಿ.ಎಡ್ ಮಾಡಿದ ಓದುಗರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಕಾಲು ನಡುಗಿದ್ದೂ ನೆನಪಿರುತ್ತದೆ. ಈಗ ಸಿ.ಆರ್.ಸಿ. ಸಭೆಗಳಲ್ಲಿ, ಶಿಕ್ಷಕರ ಸಮಾಲೋಚನೆಗಳಲ್ಲಿ ಹೊಸದೆಂಬಂತೆ ಹೇಳುವ ಪರಸ್ಪರ ಕಲಿಕೆಯ ಬೀಜ ಇಲ್ಲಿದೆ.

ಆದರೆ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತವರು ಯಾರು ಎಂಬುದನ್ನು ಮರೆಯಬಾರದು. ಅವರಲ್ಲಿ ಹಲವರು, ಕೆಲವೇ ವರ್ಷಗಳ ಹಿಂದೆ, ನಾಲ್ಕು ಜನರೆದುರು ಬರುವುದೇ ಅಪಶಕುನ ಎಂದು ಹೇಳಿಸಿಕೊಂಡವರು. ಅಂಥವಳು ಬೋರ್ಡಿನ ಮುಂದೆ ನಿಂತು ಮೂವತ್ತು ಮಕ್ಕಳ ಕಣ್ಣು ತನ್ನ ಮೇಲಿರುವಾಗ ದನಿಯೆತ್ತಿ ಮಾತಾಡಬೇಕು. ಗೆಳತಿಯರು ಹೇಳುವ ತಪ್ಪನ್ನು ಕೇಳಿಸಿಕೊಳ್ಳಬೇಕು, ತಾನೂ ಹೇಳಬೇಕು. ತಿಂಗಳ ಕೊನೆಗೆ ಕೈಗೆ ಸಂಬಳ ಬರುವ ದಾರಿ ಅದು. ಅಣ್ಣನ ಮನೆಯ ಅಡುಗೆಮನೆಗೆ ವಾಪಸ್ ಹೋಗದೆ ಇರುವ ದಾರಿಯೂ ಅದೇ.

ಇದೇ ಹೊತ್ತಿಗೆ ನಮ್ಮ ಕಡೆ ನಂಜನಗೂಡಿನ ತಿರುಮಲಾಂಬ, ಬೆಂಗಳೂರಿನ ಆರ್. ಕಲ್ಯಾಣಮ್ಮ ಇದ್ದರು. ಇಬ್ಬರೂ ಬಾಲವಿಧವೆಯರು. ತಿರುಮಲಾಂಬ ಸತೀಹಿತೈಷಿಣಿ ಗ್ರಂಥಮಾಲೆ ಮಾಡಿದರು, ಕಲ್ಯಾಣಮ್ಮ ಸರಸ್ವತಿ ಪತ್ರಿಕೆ ನಡೆಸಿ ಮುಂದೆ ಮಕ್ಕಳ ಕೂಟ ಕಟ್ಟಿದರು. ಅವರು ಹಿಡಿದದ್ದು ಲೇಖನಿ, ಸುಬ್ಬಲಕ್ಷ್ಮಿ ಹಿಡಿದದ್ದು ಚಾಕ್‌ಪೀಸ್.

ಹಾಸ್ಟೆಲ್‌ಗೆ ವಯಸ್ಸಿನ ಮಿತಿ ಇತ್ತು. ವಯಸ್ಸು ಮೀರಿದ ವಿಧವೆಯರು ಬಾಗಿಲಿಗೆ ಬಂದು ಹಿಂದಿರುಗುತ್ತಿದ್ದರು. ಅವರಿಗಾಗಿ 1927ರಲ್ಲಿ ಶಾರದಾ ಲೇಡೀಸ್ ಯೂನಿಯನ್ ವತಿಯಿಂದ ಶಾರದಾ ವಿದ್ಯಾಲಯ ಆರಂಭವಾಯಿತು. 1938ರಲ್ಲಿ ಅದನ್ನು ರಾಮಕೃಷ್ಣ ಮಿಷನ್‌ಗೆ ವಹಿಸಿಕೊಟ್ಟರು. ಸಂಸ್ಥೆ ಕಟ್ಟಿ, ನಿಲ್ಲಿಸಿ, ಬೇರೆಯವರ ಕೈಗೆ ಕೊಟ್ಟು ಮುಂದಿನದಕ್ಕೆ ಹೋಗುವುದು ಅವರ ಸ್ವಭಾವವೇ ಆಗಿತ್ತು.

ಸರ್ಕಾರಿ ನೌಕರಿಯಲ್ಲಿದ್ದುದರಿಂದ ಅಡ್ಯಾರ್‌ನಲ್ಲಿ ಹುಟ್ಟಿದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್‌ನ ಸದಸ್ಯೆ ಆಗುವಂತಿರಲಿಲ್ಲ. ಆದರೂ ಸಭೆಗಳಿಗೆ ಹೋಗುತ್ತಿದ್ದರು. ಬಾಲ್ಯವಿವಾಹದ ಬಗ್ಗೆ ವಿಚಾರಣೆ ನಡೆಸಿದ ಜೋಶಿ ಸಮಿತಿಯ ಮುಂದೆ ಹೇಳಿಕೆ ನೀಡಿದರು. ಅವರಷ್ಟು ಅಧಿಕಾರದಿಂದ ಆ ವಿಷಯ ಮಾತಾಡಬಲ್ಲವರು ಕಡಿಮೆ. ಶಾರದಾ ಕಾಯ್ದೆ 1930ರಲ್ಲಿ ಜಾರಿಗೆ ಬಂದು ಹುಡುಗಿಯ ಮದುವೆಯ ಕನಿಷ್ಠ ವಯಸ್ಸು 14, ಹುಡುಗನದು 18 ಎಂದಾಯಿತು. ಇಲ್ಲಿನ ಶಾರದಾ, ಮಸೂದೆ ತಂದ ಹರ್ಬಿಲಾಸ್ ಶಾರದಾ ಅವರ ಹೆಸರು, ಸುಬ್ಬಲಕ್ಷ್ಮಿಯವರ ಸಂಘಕ್ಕೂ ಅದಕ್ಕೂ ಸಂಬಂಧವಿಲ್ಲ.

1920ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್-ಎ-ಹಿಂದ್ ಚಿನ್ನದ ಪದಕ ಕೊಟ್ಟಿತ್ತು, 1958ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. 1952ರಿಂದ 1956ರವರೆಗೆ ಮದ್ರಾಸ್ ವಿಧಾನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯೆಯಾಗಿದ್ದರು. ನಿವೃತ್ತಿಯಾದವರು ಸುಮ್ಮನೆ ಕೂರಲಿಲ್ಲ. 1954ರಲ್ಲಿ ತಾಂಬರಂ ಹತ್ತಿರದ ಮಾಡಂಬಾಕ್ಕಂ ಹಳ್ಳಿಯಲ್ಲಿ ಮಹಿಳೆಯರು, ಮಕ್ಕಳಿಗಾಗಿ ಒಂದು ಕೇಂದ್ರ ತೆರೆದರು. 1956ರಲ್ಲಿ ಮೈಲಾಪುರ ಲೇಡೀಸ್ ಕ್ಲಬ್ ಮೂಲಕ ಹುಟ್ಟಿದ ಶಾಲೆಗೆ ಬೆನ್ನೆಲುಬಾದರು. ಚೆನ್ನೈನಲ್ಲಿ ಇಂದು ದೊಡ್ಡ ಹೆಸರಿರುವ ವಿದ್ಯಾ ಮಂದಿರ್ ಅದೇ. ನೊಬೆಲ್ ವಿಜ್ಞಾನಿ ಎಸ್. ಚಂದ್ರಶೇಖರ್ ಅವರ ಪತ್ನಿ ಲಲಿತಾ ಅವರಿಗೆ ಸುಬ್ಬಲಕ್ಷ್ಮಿ ದೊಡ್ಡಮ್ಮ ಆಗಬೇಕು. ಆ ಮನೆಯ ಮುಂದಿನ ತಲೆಮಾರಿನ ಹುಡುಗಿ ಭೌತಶಾಸ್ತ್ರ ಓದಿದ್ದು ಆಕಸ್ಮಿಕವೇನಲ್ಲ.

ಚೆನ್ನೈನಲ್ಲಿ ನೆಲೆಸಿದ್ದ ಮೋನಿಕಾ ಫೆಲ್ಟನ್ ಎಂಬ ಬ್ರಿಟಿಷ್ ಲೇಖಕಿ ವಯಸ್ಸಾದ ಸುಬ್ಬಲಕ್ಷ್ಮಿಯವರ ಜೀವನವನ್ನು 1966ರಲ್ಲಿ ಪುಸ್ತಕವಾಗಿ ತಂದರು. ಮೂರು ವರ್ಷಗಳ ಬಳಿಕ, 1969ರ ಡಿಸೆಂಬರ್ 20ರಂದು, ವೈಕುಂಠ ಏಕಾದಶಿಯ ದಿನ, ಸಿಸ್ಟರ್ ತೀರಿಕೊಂಡರು. 83 ವರ್ಷ ಬದುಕಿದ್ದರು.

ಮುಂದಿನ ಸಲ ಮರೀನಾಗೆ ಹೋದಾಗ ವಿವೇಕಾನಂದ ಇಲ್ಲಂ ನೋಡಿಕೊಂಡು ಹೊರಬಂದ ಮೇಲೆ ಪಕ್ಕದ ಆವರಣದ ಕಡೆ ಒಮ್ಮೆ ಕಣ್ಣು ಹಾಯಿಸಿ. ಲೇಡಿ ವಿಲಿಂಗ್ಡನ್ ಹೆಸರು ಇನ್ನೂ ಇದೆ. ಟೀಚರ್ ಆಗಲು ಹೊರಟವರು ಇವತ್ತಿಗೂ ಅಲ್ಲಿ ಓದುತ್ತಾರೆ.